ಮುಟ್ಟುವ ಮೊದಲು ಕೇಳುತ್ತಿದ್ದ ಮೇಡಂ

ಮೇಡಂ ತೀರಿಕೊಂಡ ಸುದ್ದಿ ನಮ್ಮ ಬ್ಯಾಚಿನ ವಾಟ್ಸಾಪ್ ಗುಂಪಿಗೆ ಬಂದಾಗ ನಾನು ಡ್ಯೂಟಿಯಲ್ಲಿದ್ದೆ. ಸ್ವಲ್ಪ ಹೊತ್ತಿನಲ್ಲೇ ಗುಂಪಿನ ತುಂಬ ಕೈ ಮುಗಿದ ಚಿತ್ರಗಳು, ಉರಿಯುವ ದೀಪಗಳು, ‘ಓಂ ಶಾಂತಿ’ಗಳು. ಸೌದಿಯಲ್ಲಿರುವವರು, ಹುಬ್ಬಳ್ಳಿಯಲ್ಲಿರುವವರು, ಕೆಲಸ ಬಿಟ್ಟು ಮಕ್ಕಳನ್ನು ನೋಡಿಕೊಂಡಿರುವವರು ಎಲ್ಲರೂ ಹಾಕಿದರು. ನಾನೂ ಒಂದು ದೀಪ ಹಾಕಿದೆ. ಮೇಡಂ ಕಂಡಿದ್ದರೆ, ‘ಡ್ಯೂಟಿ ಟೈಮಿನ್ಯಾಗ ಫೋನ್ ಯಾಕ ಹಿಡದೀ?’ ಎಂದು ಮೊದಲು ಕೇಳುತ್ತಿದ್ದರು, ಆಮೇಲೆ ಕಸಿದುಕೊಳ್ಳುತ್ತಿದ್ದರು.

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ನಾವು ಯಾರೂ ಅವರನ್ನು ಹೆಸರು ಹಿಡಿದು ಮಾತಾಡಿದವರಲ್ಲ. ಅವರೂ ಹಾಜರಿ ತೆಗೆದುಕೊಳ್ಳುವಾಗ ಬಿಟ್ಟರೆ ನಮ್ಮ ಹೆಸರನ್ನು ಬಳಸುತ್ತಿರಲಿಲ್ಲ. ಊರಿನ ಹೆಸರೇ ನಮ್ಮ ಹೆಸರು. ‘ಏ ಹನುಮಸಾಗರ, ಆ ಬೆಡ್‌ಶೀಟಿನ ಮೂಲಿ ನೋಡಲ್ಲಿ.’ ‘ಏ ಕಾರಟಗಿ, ಉಗುರು ತೋರಸು.’ ಒಂದೇ ಊರಿನವರು ಇಬ್ಬರಿದ್ದರೆ ಒಬ್ಬಳು ದೊಡ್ಡ ತಾವರಗೇರಾ, ಇನ್ನೊಬ್ಬಳು ಸಣ್ಣ ತಾವರಗೇರಾ. ನಾನು ಕೋರ್ಸು ಮುಗಿಯುವವರೆಗೂ ಗಿಣಿಗೇರಾ ಆಗಿಯೇ ಉಳಿದೆ.

ಮೇಡಂ ಕುಷ್ಟಗಿ ಕಡೆಯ ಒಕ್ಕಲುತನದ ಮನೆಯವರು. ಕೆಲವು ವರ್ಷ ಯಲಬುರ್ಗಾದ ಕಡೆ ಸ್ಟಾಫ್ ನರ್ಸ್ ಆಗಿದ್ದು ಆಮೇಲೆ ಕೊಪ್ಪಳದ ನಮ್ಮ ನರ್ಸಿಂಗ್ ಶಾಲೆಗೆ ಟ್ಯೂಟರ್ ಆಗಿ ಬಂದಿದ್ದರು. ಯಜಮಾನರು ಗಂಗಾವತಿಯ ಅಕ್ಕಿ ಗಿರಣಿಯೊಂದರಲ್ಲಿ ಗುಮಾಸ್ತರು. ಶನಿವಾರ ಮಧ್ಯಾಹ್ನ ಗಂಗಾವತಿ ಬಸ್ಸು ಹತ್ತಿದರೆ ಸೋಮವಾರ ಬೆಳಿಗ್ಗೆ ಬಸ್ ಸ್ಟ್ಯಾಂಡಿನಿಂದ ನೇರ ವಾರ್ಡಿಗೇ ಬರುತ್ತಿದ್ದರು. ಕುಳ್ಳಗೆ, ಗಟ್ಟಿಮುಟ್ಟಾದ ಆಳು. ಇಳಕಲ್ ಸೀರೆಯ ಮೇಲೆ ಬಿಳಿ ಕೋಟು. ಹೊಗಳುವುದರಲ್ಲಿ ಬಹಳ ಜಿಪುಣರು, ಬೈಯುವುದರಲ್ಲಿ ಧಾರಾಳಿ. ಅವರನ್ನು ನೆನೆಸಿಕೊಂಡ ಕೂಡಲೇ ನನಗೆ ಕಾಣುವುದು ಅವರ ಕೈಗಳು. ರೋಗಿಯ ಹತ್ತಿರ ಹೋಗುವ ಮೊದಲು ಎರಡೂ ಅಂಗೈಗಳನ್ನು ಗಸಗಸ ತಿಕ್ಕಿ ಬೆಚ್ಚಗೆ ಮಾಡಿಕೊಳ್ಳುತ್ತಿದ್ದರು. ಅದು ಎಷ್ಟು ರೂಢಿಯಾಗಿತ್ತೆಂದರೆ ಸೀಮೆಸುಣ್ಣ ಹಿಡಿಯುವ ಮೊದಲೂ ತಿಕ್ಕುತ್ತಿದ್ದರು, ಮಿರ್ಚಿ ಭಜಿ ತಿನ್ನುವ ಮೊದಲೂ ತಿಕ್ಕುತ್ತಿದ್ದರು. ಕೊಪ್ಪಳದ ಬೇಸಿಗೆಯಲ್ಲಿ ಕೈ ಬೆಚ್ಚಗೆ ಮಾಡಿಕೊಳ್ಳುವ ಮನುಷ್ಯರನ್ನು ನಾನು ಬೇರೆ ಕಂಡಿಲ್ಲ.

ಕೊಪ್ಪಳ ಜಿಲ್ಲೆಯಾದ ಮೇಲೆ ಊರಿಗೆ ಏನೇನೋ ಬಂದವು, ಅದರಲ್ಲಿ ನರ್ಸಿಂಗ್ ಶಾಲೆಯೂ ಒಂದು. ನಮ್ಮದು ಬಾಡಿಗೆ ಕಟ್ಟಡ. ಕೆಳಗೆ ಗೊಬ್ಬರದ ಅಂಗಡಿ, ಮೇಲೆ ನಾವು. ಅಂಗರಚನೆಯ ಪಾಠ ನೆನಪಾದಾಗಲೆಲ್ಲ ನನಗೆ ಯೂರಿಯಾ ವಾಸನೆಯೂ ನೆನಪಾಗುತ್ತದೆ. ಹೆಚ್ಚಿನವರು ಹೊಲಮನೆ ಕೆಲಸದವರ ಹೆಣ್ಣುಮಕ್ಕಳು. ‘ಸರ್ಕಾರಿ ನೌಕರಿ ಸಿಗ್ತೈತಂತ’ ಎಂದು ಸೋದರಮಾವನೋ ಶಾಲೆಯ ಮಾಸ್ತರೋ ಹೇಳಿದ ಒಂದು ಮಾತಿನ ಮೇಲೆ ಬಂದವರು. ನಾನು ಬಂದದ್ದೂ ಹಾಗೆಯೇ. ಅಪ್ಪ ಗಿಣಿಗೇರಾದ ಪಕ್ಕದ ಕಬ್ಬಿಣದ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ. ಸಂಜೆ ಮನೆಗೆ ಬಂದರೆ ಅವನ ಹುಬ್ಬಿನ ಮೇಲೂ ಕೆಂಪು ಧೂಳು. ‘ನನ್ನ ಮಗ ಬಿಳಿ ಅರಬಿ ಹಾಕ್ಕೊಂಡು ದುಡೀಲಿ’ ಎಂಬುದಷ್ಟೇ ಅವನ ಲೆಕ್ಕಾಚಾರ. ಊರಿನ ಚಹಾದಂಗಡಿಯಲ್ಲಿ ಮಾತ್ರ ನನ್ನನ್ನು ಕಂಡ ಕೂಡಲೇ, ‘ಬಾರೋ ನರ್ಸಮ್ಮ, ಸೂಜಿ ತಂದೀಯೇನು?’ ಎನ್ನುತ್ತಿದ್ದರು. ನಗುವುದು ಬಿಟ್ಟರೆ ಬೇರೆ ದಾರಿ ಇರಲಿಲ್ಲ, ನಗುತ್ತಿದ್ದೆ.

ಇದೆಲ್ಲ ತಡೆದುಕೊಳ್ಳಬಹುದಾಗಿತ್ತು. ತಡೆಯಲಾರದ್ದು ಇನ್ನೊಂದಿತ್ತು. ಕೋರ್ಸಿನ ಕೊನೆಯ ವರ್ಷ ಹೆರಿಗೆ ವಾರ್ಡಿನ ಕೆಲಸ ಕಲಿಯಬೇಕು, ಹೆರಿಗೆ ಮಾಡಿಸಬೇಕು, ಅದಕ್ಕೆ ಟ್ಯೂಟರ್ ಸಹಿ ಬೀಳಬೇಕು. ಸಹಿ ಇಲ್ಲದಿದ್ದರೆ ಪರೀಕ್ಷೆಗೆ ಕೂರುವಂತಿಲ್ಲ. ಆದರೆ ಗಂಡು ಹುಡುಗನನ್ನು ಹೆರಿಗೆ ಕೋಣೆಗೆ ಬಿಡುವವರು ಯಾರು? ಬೇರೆ ಕಡೆ ಇದಕ್ಕೆ ಸುಲಭದ ದಾರಿ ಇತ್ತು. ಹುಡುಗಿಯರು ಮಾಡಿಸಿದ ಹೆರಿಗೆಗಳನ್ನು ಹುಡುಗರು ತಮ್ಮ ಹೆಸರಿನಲ್ಲಿ ಬರೆದುಕೊಳ್ಳುತ್ತಿದ್ದರು, ಟ್ಯೂಟರುಗಳು ಕಣ್ಣು ಮುಚ್ಚಿ ಸಹಿ ಹಾಕುತ್ತಿದ್ದರು. ನಮ್ಮ ಮೇಡಂ ಹಾಕುತ್ತಿರಲಿಲ್ಲ. ‘ಮಾಡದ್ದಕ್ಕ ಸಹಿ ಮಾಡು ಅಂದ್ರ ಹೆಂಗ ಮಾಡ್ಲಿ?’ ಎನ್ನುತ್ತಿದ್ದರು. ನಮಗಿಂತ ಮುಂಚಿನ ಬ್ಯಾಚಿನ ಇಬ್ಬರು ಹುಡುಗರು ಇದೇ ಕಾರಣಕ್ಕೆ ಕೋರ್ಸು ಬಿಟ್ಟು ಹೋಗಿದ್ದರು. ಒಬ್ಬ ಕಾರ್ಖಾನೆ ಸೇರಿದ, ಅಪ್ಪನ ಪಾಳಿಯಲ್ಲೇ. ಅವನನ್ನು ತೋರಿಸಿ ಅಪ್ಪ ಕೇಳುತ್ತಿದ್ದ, ‘ನಿಂದೂ ಹಿಂಗ ಆಗೂದಿಲ್ಲ ಹೌದಲ್ಲೋ?’  ಹೆರಿಗೆ ಕೋಣೆಯ ಬಾಗಿಲು ನನಗೆ ತೆರೆಯುತ್ತದೋ ಇಲ್ಲವೋ ಎಂಬುದರ ಮೇಲೆ ಎಲ್ಲವೂ ನಿಂತಿತ್ತು.

ಮೇಡಂ ಅವರ ‘ಕೇಳುವ’ ಪದ್ಧತಿ ಶುರುವಾದದ್ದು ನಾನು ಮೊದಲ ವರ್ಷದಲ್ಲಿದ್ದಾಗ. ಅದಕ್ಕೆ ಕಾರಣ ಒಂದು ಗೊಂಬೆ.

ನರ್ಸಿಂಗ್ ಕಲಿಯುವವರು ಮೊದಲು ಮನುಷ್ಯರನ್ನು ಮುಟ್ಟುವುದಿಲ್ಲ. ಆಳೆತ್ತರದ ಗೊಂಬೆಯೊಂದನ್ನು ಮಂಚದ ಮೇಲೆ ಮಲಗಿಸಿ ಅದಕ್ಕೆ ಸ್ನಾನ ಮಾಡಿಸಿ, ಸೂಜಿ ಚುಚ್ಚಿ, ಎನಿಮಾ ಕೊಟ್ಟು ಕಲಿಯುತ್ತಾರೆ. ನಾವು ಅದನ್ನು ಡಮ್ಮಿ ಎನ್ನುತ್ತಿದ್ದೆವು. ನಮ್ಮ ಡಮ್ಮಿಗೆ ಹಳದಿ ಕೂದಲು, ನೀಲಿ ಕಣ್ಣು. ಪ್ರಯೋಗದ ಕೋಣೆಯನ್ನು ಬದಲಾಯಿಸುವಾಗ ಅದು ಮೆಟ್ಟಿಲಿನಿಂದ ಉರುಳಿ ಮೂಗು ಹೋಯಿತು, ಒಂದು ಕೈ ಮುರಿಯಿತು, ಎದೆಯ ಮೇಲೆ ಬಿರುಕು ಬಿತ್ತು. ಇನ್ಸ್‌ಪೆಕ್ಷನ್ ಹತ್ತಿರ ಬಂದಿತ್ತು. ಹೊಸದು ತರಿಸಿ ಎಂದರೆ ಶಾಲೆಯ ಚೇರ್ಮನ್ ಸಾಹೇಬರು, ‘ಅದಕ್ಕೇನಾಗೇತ್ರಿ, ಪೇಶಂಟ್ ಅಂದ್ರ ಮುರದಿರಬೇಕು,’ ಎಂದರಂತೆ. ಮೇಡಂ ಆ ಮಾತಿಗೆ ನಗಲಿಲ್ಲ. ನನ್ನನ್ನೂ ಮುಂಚಿನ ಬ್ಯಾಚಿನ ಒಬ್ಬ ಹುಡುಗನನ್ನೂ ಕರೆದು, ‘ಎತ್ತರಿ, ಕಿನ್ನಾಳಕ್ಕ ಹೋಗೂನು,’ ಎಂದರು.

ಡಮ್ಮಿಯನ್ನು ಆಸ್ಪತ್ರೆಯ ಬಿಳಿ ಚಾದರದಲ್ಲಿ ತಲೆಯಿಂದ ಕಾಲಿನವರೆಗೆ ಸುತ್ತಿ ಟಂಟಂ ಗಾಡಿಯಲ್ಲಿ ಅಡ್ಡ ಮಲಗಿಸಿದೆವು. ಹತ್ತಲು ಬಂದ ಮುದುಕರೊಬ್ಬರು ಕಾಲು ಮುಂದಿಟ್ಟವರು ಹಿಂದೆ ತೆಗೆದು ರುಮಾಲು ಬಿಚ್ಚಿ ಕೈಯಲ್ಲಿ ಹಿಡಿದು ನಿಂತರು. ‘ಹೆಣ ಅಲ್ರಿ ಅಜ್ಜಾ, ಗೊಂಬಿ ಐತ್ರಿ,’ ಎಂದು ಮೇಡಂ ಮುಖ ತೆರೆದು ತೋರಿಸಿದರು. ಮೂಗಿಲ್ಲದ, ನೀಲಿ ಕಣ್ಣಿನ ಆ ಮುಖ ನೋಡಿದ ಮೇಲಂತೂ ಅಜ್ಜ ಗಾಡಿ ಹತ್ತುವ ವಿಚಾರವನ್ನೇ ಬಿಟ್ಟರು.

ಕಿನ್ನಾಳ ಮರದ ಗೊಂಬೆ, ದೇವರ ಮೂರ್ತಿಗಳಿಗೆ ಹೆಸರಾದ ಊರು. ನಾವು ಹೋದ ಮನೆಯ ಚಿತ್ರಗಾರರು ವಯಸ್ಸಾದವರು. ಪಡಸಾಲೆಯಲ್ಲಿ ಮರದ ಹೊಟ್ಟು, ಹುಣಸೆ ಬೀಜದ ಅಂಟು, ಬಣ್ಣದ ಕರಟಗಳ ನಡುವೆ ಕುಳಿತಿದ್ದರು. ಡಮ್ಮಿಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ‘ಇದು ಹೆಣ್ಣೇನ್ರಿ ಅಕ್ಕಾರ, ಗಂಡೇನ್ರಿ?’ ಎಂದು ಕೇಳಿದರು.

‘ಎರಡೂ ಆಕ್ಕೈತ್ರಿ. ಕೆಳಗಿನ ಭಾಗ ಬದಲಿ ಮಾಡಾಕ ಬರ್ತೈತಿ,’ ಎಂದರು ಮೇಡಂ.

ಅವರು ಮೂಗಿಲ್ಲದ ಆ ಮುಖದ ಮೇಲೆ ಬೆರಳಾಡಿಸಿದರು. ‘ನಾ ಹೆಣ್ಣ ಮಾಡ್ತೀನ್ರಿ. ನೋಡಿದವ್ರು ಕೈ ಮುಗೀಬೇಕು, ಹಂಗ ಮಾಡ್ತೀನಿ.’

ಕೊನೆಯ ಬಸ್ಸಿನ ಯೋಚನೆಯಲ್ಲಿದ್ದ ಮೇಡಂ, ‘ಹೂಂನ್ರಿ, ಛಲೋ ಮಾಡ್ರಿ,’ ಎಂದು ಎದ್ದುಬಿಟ್ಟರು. ಅವರ ಕಡೆಯಿಂದ ಆದ ತಪ್ಪು ಇದೊಂದೇ. ಚಿತ್ರಗಾರರ ಕಡೆಯಿಂದ ತಪ್ಪೇ ಆಗಲಿಲ್ಲ. ಅವರು ತಮ್ಮ ಮನೆತನದಲ್ಲಿ ಎಲ್ಲ ಮೂರ್ತಿಗಳನ್ನು ಹೇಗೆ ಮಾಡುತ್ತಾ ಬಂದಿದ್ದರೋ ಹಾಗೆಯೇ ಮಾಡಿದರು.

ತರಲು ಹೋದಾಗ ಡಮ್ಮಿ ಮಣೆಯ ಮೇಲೆ ಕುಳಿತಿತ್ತು, ಮುಖಕ್ಕೆ ಅರಿವೆ ಮುಚ್ಚಿತ್ತು. ‘ಕಾಯಿ ತಂದೀರಿಲ್ರಿ? ಕಣ್ಣ ಬರಿಯೂದು ನಿಮ್ಮ ಎದುರಿಗೆ ಆಗಬೇಕು,’ ಎಂದರು ಚಿತ್ರಗಾರರು. ಕಣ್ಣು ಬರೆಯುವುದು ಅವರಲ್ಲಿ ಕೊನೆಯ ಕೆಲಸ. ಅಲ್ಲಿಯತನಕ ಅದು ಮರ, ಆಮೇಲೆ ಮೂರ್ತಿ. ನಾನು ಅಂಗಡಿಗೆ ಓಡಿ ಕಾಯಿ ತಂದೆ. ಅರಿವೆ ಸರಿಸಿದರು. ಗೋಧಿ ಬಣ್ಣದ ಮುಖ, ಬೈತಲೆ ತೆಗೆದ ಕಪ್ಪು ಕೂದಲು, ಮೂಗಿಗೆ ನತ್ತು, ಹಣೆಗೆ ಕುಂಕುಮ, ಹೊಸ ಕೈಗೆ ಹಸಿರು ಬಳೆ. ‘ಬತ್ತಲ ಇತ್ತು ಪಾಪ, ಕುಬಸ ತೊಡಿಸೀನ್ರಿ,’ ಎಂದರು. ನಿಜ, ಎದೆಯ ಮೇಲೆ ಕೆಂಪಂಚಿನ ಹಸಿರು ಕುಪ್ಪಸವನ್ನು ಬಣ್ಣದಲ್ಲೇ ಬರೆದಿದ್ದರು. ನಮ್ಮ ಕಣ್ಣೆದುರಿಗೇ ಎರಡು ಉದ್ದನೆಯ ಕಣ್ಣುಗಳನ್ನು ಬರೆದು, ಕಾಯಿ ಒಡೆದು, ಕೈ ಮುಗಿದರು. ಮೇಡಂ ಕೂಡ ಮುಗಿದರು. ಆ ಹೊತ್ತಿನಲ್ಲಿ ಮುಗಿಯದೆ ಇರುವುದು ಸಾಧ್ಯವಿರಲಿಲ್ಲ.

ವಾಪಸು ಬರುವಾಗ ಟಂಟಂ ತುಂಬಿತ್ತು. ಹೆಂಗಸರು ಸರಿದು ಕುಳಿತು ಡಮ್ಮಿಗೆ ಜಾಗ ಮಾಡಿಕೊಟ್ಟರು. ಒಬ್ಬಾಕೆ ತನ್ನ ಕೂಸಿನ ಹಣೆಯನ್ನು ಅದರ ಕಾಲಿಗೆ ಮುಟ್ಟಿಸಿಯೇ ಇಳಿದಳು.

ಫಜೀತಿ ಶುರುವಾದದ್ದು ಶಾಲೆಯಲ್ಲಿ. ಹಾಸ್ಟೆಲಿನ ಅಡುಗೆಯವ್ವ ಬೆಳಗಾಗುವುದರೊಳಗೆ ಡಮ್ಮಿಗೆ ಮಲ್ಲಿಗೆ ಮುಡಿಸಿದ್ದಳು. ಹುಡುಗಿಯರು ಚಪ್ಪಲಿ ಹೊರಗೆ ಬಿಟ್ಟು ಕೋಣೆಯೊಳಗೆ ಬಂದು ಕೈ ಮುಗಿದು ನಿಂತರು. ಸೂಜಿ ಹಿಡಿ ಎಂದರೆ ಯಾರೂ ಹಿಡಿಯಲೊಲ್ಲರು. ಎನಿಮಾ ಮಾತಂತೂ ಎತ್ತುವಂತೆಯೇ ಇರಲಿಲ್ಲ. ‘ಮೇಡಂ, ದೇವಿಗೆ ಎನಿಮಾ ಹೆಂಗ ಕೊಡೂದ್ರಿ?’ ಎಂದು ಸಣ್ಣ ತಾವರಗೇರಾ ಅಳು ಬಂದವಳಂತೆ ಕೇಳಿದಳು. ಮೇಡಂ ಕಿನ್ನಾಳಕ್ಕೆ ಹೇಳಿಕಳಿಸಿದರು, ಕಣ್ಣು ಕುಂಕುಮ ಅಳಿಸಿಕೊಡಿ ಎಂದು. ‘ತೆರದ ಕಣ್ಣ ಮುಚ್ಚಾಕ ಬರೂದಿಲ್ಲಂತ ಹೇಳ್ರಿ ಅಕ್ಕಾರಿಗೆ’ ಎಂಬ ಉತ್ತರ ಬಂತು.

ಮರುದಿನ ಮೇಡಂ ತಾವೇ ಮಂಚದ ಹತ್ತಿರ ಬಂದರು. ಅಂಗೈ ತಿಕ್ಕಿದರು. ಬಾಗಿ, ಅದರ ಕಿವಿಯ ಹತ್ತಿರ, ಮನೆಯ ಹಿರಿಯರೊಡನೆ ಮಾತಾಡುವ ದನಿಯಲ್ಲಿ, ‘ಯವ್ವಾ, ಬೆನ್ನ ಒರಸ್ತೀನಿ. ಮುಟ್ಲೇನು?’ ಎಂದು ಕೇಳಿದರು. ಉತ್ತರಕ್ಕೆ ಕಾಯುವವರಂತೆ ನಿಂತರು.  ಆಮೇಲೆ ಮೆಲ್ಲಗೆ ಅದನ್ನು ಮಗ್ಗಲು ತಿರುಗಿಸಿ, ಕುಪ್ಪಸದ ಮೇಲೆಯೇ ಒದ್ದೆ ಬಟ್ಟೆ ಆಡಿಸಿದರು.

‘ಇನ್ನ ಮ್ಯಾಲೆ ಯಾರೂ ಕೇಳದ ಮುಟ್ಟಬ್ಯಾಡ್ರಿ. ಕೇಳಿದ ಮ್ಯಾಲೆ ಯಾರೂ ಅಂಜಬ್ಯಾಡ್ರಿ.’

ಸಣ್ಣ ತಾವರಗೇರಾ ಬಿಡಲಿಲ್ಲ. ‘ಬ್ಯಾಡ ಅಂದ್ರ ಏನ್ ಮಾಡೂದ್ರಿ ಮೇಡಂ?’

‘ಕೈ ತಗಿ. ಸ್ವಲ್ಪ ತಡದು ಮತ್ತ ಕೇಳು.’

‘ಡಮ್ಮಿ ಬ್ಯಾಡ ಅಂತೈತೇನ್ರಿ?’

‘ಅನ್ನೋರ ಕಡೆ ನಾಳೆ ಹೋಗ್ತೀ ಅಲ್ಲ? ಇಲ್ಲೇ ಕಲತು ಹೋಗು.’

ಇನ್ಸ್‌ಪೆಕ್ಷನ್ನಿಗೆ ಬಂದ ಹಿರಿಯ ಮಹಿಳೆ ಪ್ರಯೋಗದ ಕೋಣೆಯ ಬಾಗಿಲಲ್ಲೇ ನಿಂತುಬಿಟ್ಟರು. ಒಳಗೆ ದೊಡ್ಡ ತಾವರಗೇರಾ ನತ್ತು ತೊಟ್ಟ ದೇವಿಗೆ, ‘ಯವ್ವಾ, ಸೂಜಿ ಮಾಡ್ತೀನಿ, ಸ್ವಲ್ಪ ನೋಯ್ತೈತಿ, ಮುಟ್ಲೇನು?’ ಎಂದು ಕೇಳುತ್ತಿದ್ದಳು. ಅವರು ಸೂಜಿ ಮುಗಿಯುವವರೆಗೂ ನೋಡಿದರು. ಹೋಗುವಾಗ, ಹೊಸ ಡಮ್ಮಿ ತರಿಸಬೇಕು ಎಂದರು, ಮತ್ತೆ, ಈ ನತ್ತನ್ನು ಎಲ್ಲಿ ಬರೆಸಿದಿರಿ ಎಂದೂ ಕೇಳಿದರು. ಶಾಲೆಗೆ ತೊಂದರೆಯಾಗಲಿಲ್ಲ. ಹೊಸ ಡಮ್ಮಿಯೂ ನಾವಿದ್ದಷ್ಟು ದಿನ ಬರಲಿಲ್ಲ.

ವಾರ್ಡಿಗೆ ಹೋದಾಗ ನಮ್ಮ ಈ ‘ಮುಟ್ಲೇನ್ರಿ’ ಆಸ್ಪತ್ರೆಯವರಿಗೆ ಒಳ್ಳೆಯ ತಮಾಷೆಯಾಯಿತು. ‘ಗೊಂಬಿ ಸಾಲಿ ಹುಡಿಗ್ಯಾರು ಬಂದ್ರು’ ಎನ್ನುತ್ತಿದ್ದರು. ರೋಗಿಗಳಿಗೂ ಮೊದಮೊದಲು ವಿಚಿತ್ರ. ‘ಮುಟ್ಟಾಕ ಬಂದೀಯವ್ವ, ಮುಟ್ಟಿ ಹೋಗು, ನನ್ನೇನ್ ಕೇಳ್ತಿ?’ ಎಂದು ಅಜ್ಜಿಯೊಬ್ಬಳು ಬೈದಿದ್ದಳು. ಆದರೆ ನಮ್ಮ ಭಾಗದಲ್ಲಿ ‘ಮುಟ್ಟಲೇ’ ಎಂದು ಕೇಳಿದರೆ ಇನ್ನೊಂದು ಬಾಗಿಲೂ ತೆರೆಯುತ್ತದೆ. ಯಲಬುರ್ಗಾ ಕಡೆಯ ಒಬ್ಬ ಹುಡುಗಿ ಒಂದು ದಿನ ಡ್ರೆಸ್ಸಿಂಗ್ ಟ್ರೇ ಹಿಡಿದುಕೊಂಡೇ ಹೊರಗೆ ಬಂದಳು. ‘ಮೇಡಂ, ನಾ ಕೇಳಿದ್ರ, ನೀ ಯಾರ ಪೈಕಿ ಅಂತ ಕೇಳ್ತಾರ್ರಿ. ಹೇಳಿದ ಮ್ಯಾಲೆ ಬ್ಯಾಡ ಅಂದ್ರು.’ ನಾವೆಲ್ಲ ನೆಲ ನೋಡಿದೆವು. ಮೇಡಂ ಆ ಹುಡುಗಿಯನ್ನು ಕರೆದುಕೊಂಡು ಆ ಹೆಂಗಸಿನ ಮಂಚಕ್ಕೆ ಹೋದರು. ‘ಬ್ಯಾಡ ಅನ್ರಿ, ಅದು ನಿಮ್ಮ ಮೈ. ಆದ್ರ ಈಕಿ ಬ್ಯಾಡ ಅಂದ್ರ ನಾನೂ ಬ್ಯಾಡ. ಇಬ್ಬರ್ದೂ ಕಲತದ್ದು ಒಂದ ಕೆಲಸ,’ ಎಂದು ಹೇಳಿ ಹೊರಗೆ ಬಂದು ಚಹಾ ಕುಡಿದರು. ಆ ಹೆಂಗಸು ಸಂಜೆಯವರೆಗೆ ಗಾಯದ ಕಾಲು ಹಿಡಿದುಕೊಂಡು ಕುಳಿತು, ಕಡೆಗೆ ಆ ಹುಡುಗಿಯಿಂದಲೇ ಪಟ್ಟಿ ಕಟ್ಟಿಸಿಕೊಂಡಳು. ಕಟ್ಟುವಷ್ಟು ಹೊತ್ತೂ ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡಿದ್ದಳು. ಹುಡುಗಿಗೆ ಅದರಿಂದ ಸಂತೋಷವೇನೂ ಆಗಲಿಲ್ಲ, ಆಗಬೇಕು ಎಂದು ಮೇಡಂ ಹೇಳಲೂ ಇಲ್ಲ. ನನಗೆ ಮಾತ್ರ ಅವತ್ತು ಸಿಟ್ಟು ಬಂದಿತ್ತು, ಈಗಲೂ ಬರುತ್ತದೆ.

ಎರಡನೆಯ ವರ್ಷ ಹೊರಗಿನಿಂದ ಒಬ್ಬ ಎಂ.ಎಸ್ಸಿ ವಿದ್ಯಾರ್ಥಿನಿ ಬಂದಳು. ನರ್ಸಿಂಗ್ ಓದುವವರಿಗೆ ತಮ್ಮ ಕೋರ್ಸು ಎಷ್ಟು ತೃಪ್ತಿ ಕೊಟ್ಟಿದೆ ಎಂಬುದು ಅವಳ ಅಧ್ಯಯನದ ವಿಷಯ. ಪಾಠ ಹೇಗಿದೆ, ಗ್ರಂಥಾಲಯ ಹೇಗಿದೆ, ಹಾಸ್ಟೆಲ್ ಹೇಗಿದೆ, ವಾರ್ಡಿನಲ್ಲಿ ಕಲಿಯಲು ಸಿಗುತ್ತದೆಯೇ, ಮುಂದೆ ನೌಕರಿ ಸಿಗುವ ಭರವಸೆ ಇದೆಯೇ ಎಂದೆಲ್ಲ ಪ್ರಶ್ನೆಗಳು. ನಾವು ಟಿಕ್ ಹಾಕಿ ಕೊಟ್ಟೆವು. ಅವಳು ಹೋದ ಮೇಲೆ ಮೇಡಂ ನಮ್ಮನ್ನು ಕೂರಿಸಿಕೊಂಡು, ಏನೇನು ಬರೆದಿರಿ ಎಂದು ಬಾಯಿಮಾತಿನಲ್ಲಿ ಕೇಳಿದರು. ಹಾಸ್ಟೆಲಿನ ನೀರಿನ ಬಗ್ಗೆ ಎಲ್ಲರೂ ದೂರಿದರು. ಮರುದಿನ ಮೇಡಂ ಚೇರ್ಮನ್ ಸಾಹೇಬರ ಎದುರು ಕುಳಿತು, ‘ಮುಂಜಾನೆದ್ದು ಕೊಡ ಹೊತ್ತ ಹುಡಿಗಿ ಅನಾಟಮಿ ಏನ್ ಓದ್ತಾಳ್ರಿ? ನಿದ್ದಿ ಮಾಡ್ತಾಳ,’ ಎಂದು ಜಗಳ ತೆಗೆದು ಒಂದು ನಳ ಹಾಕಿಸಿದರು. ಅಲ್ಲಿಗೆ ಆ ಅಧ್ಯಯನದಿಂದ ನಮಗೆ ನೇರವಾದ ಲಾಭ ಆಯಿತು.

ಆದರೆ ಅವರದೇ ಒಂದು ಪ್ರಶ್ನೆಯೂ ಇತ್ತು. ವಾರ್ಡಿನಿಂದ ಬಂದವರನ್ನು ಏನು ಕಲಿತೆ ಎಂದು ಕೇಳುತ್ತಿರಲಿಲ್ಲ. ‘ಇವತ್ತ ಪೇಶಂಟ್ ಯಾರರ ನಿನ್ನ ಹೆಸರು ಹಿಡದು ಕರದ್ರೇನು?’ ಎಂದು ಕೇಳುತ್ತಿದ್ದರು. ವಾರ್ಡಿನಲ್ಲಿ ನಾವು ‘ಏ ಸ್ಟೂಡೆಂಟ್’, ‘ಏ ಹುಡುಗಿ’, ನಾನಂತೂ ‘ಏ ಇವನ’. ಕರೆದಿದ್ದಾರೆ ಎಂದು ಯಾರಾದರೂ ಹೇಳಿದರೆ ಮೇಡಂ ತಲೆಯಾಡಿಸಿ, ‘ಹಂಗಾದ್ರ ನಿನಗ ರೊಟ್ಟಿ ರುಚಿ ಹತ್ತತೈತಿ ಇವತ್ತ,’ ಎನ್ನುತ್ತಿದ್ದರು. ಅವರ ತೃಪ್ತಿಯ ಅಳತೆ ಅಷ್ಟೇ.

ಒಂದು ಸಲ ನಾನು ಧೈರ್ಯ ಮಾಡಿ, ‘ಮೇಡಂ, ನೀವ ನಮ್ಮನ್ನ ಹೆಸರು ಹಿಡದು ಕರಿಯಂಗಿಲ್ಲಲ್ರಿ,’ ಎಂದೆ.

‘ನಾನೇನು ಪೇಶಂಟ್ ಅದೀನೇನು?’ ಎಂದರು. ಅಲ್ಲಿಗೆ ಆ ಮಾತು ಮುಗಿಯಿತು.

ಕೊನೆಯ ವರ್ಷ ಬಂತು. ಹೆರಿಗೆ ಕೋಣೆಯ ಹೊರಗೆ ಉದ್ದನೆಯ ಬೆಂಚು. ಮೇಡಂ ದಿನವೂ ನನ್ನನ್ನು ಕರೆದುಕೊಂಡು ಹೋಗುತ್ತಿದ್ದರು. ಹೆರಿಗೆಗೆ ಬಂದ ಹೆಂಗಸನ್ನು ನಾನೇ ಕೇಳಬೇಕು. ‘ಅಕ್ಕಾ, ನಾನು ಕಲ್ಯಾಕ ಬಂದೀನ್ರಿ. ಮೇಡಂ ಬಾಜೂಕ ಇರ್ತಾರ. ಒಳಗ ಬರ್ಲೇನ್ರಿ?’ ಅವರು ಉತ್ತರ ಕೊಡುವ ಮೊದಲೇ ತಾಯಿ, ಅತ್ತೆ, ನಾದಿನಿ ಎಲ್ಲ ಒಟ್ಟಿಗೆ ಎದ್ದು ನಿಲ್ಲುತ್ತಿದ್ದರು. ‘ಯವ್ವ ಯವ್ವ, ಗಂಡ್ ಹುಡುಗನ್ನ ಹೊರಗ ಹಾಕ್ರಿ ಮೊದಲ!’ ಮೇಡಂ ವಾದ ಮಾಡುತ್ತಿರಲಿಲ್ಲ. ‘ಬ್ಯಾಡ ಅಂದ್ರು. ನಡಿ,’ ಎನ್ನುತ್ತಿದ್ದರು. ಇಬ್ಬರೂ ಬೆಂಚಿನ ಮೇಲೆ ಕುಳಿತುಕೊಳ್ಳುತ್ತಿದ್ದೆವು. ವಾರಗಳು ಹೋದವು. ನನ್ನ ಜೊತೆಯ ಹುಡುಗಿಯರ ಹೆರಿಗೆಗಳೆಲ್ಲ ಮುಗಿಯುತ್ತ ಬಂದವು, ನನ್ನದು ಶುರುವೇ ಆಗಿರಲಿಲ್ಲ. ಒಂದು ದಿನ ನನಗೆ ತಡೆಯಲಾಗಲಿಲ್ಲ. ‘ಸುಮ್ನ ಸಹಿ ಹಾಕಿ ಬಿಡ್ರಿ ಮೇಡಂ. ಎಲ್ಲಾರೂ ಹಾಕ್ತಾರ. ಇಲ್ಲಾಂದ್ರ ನಾ ಫ್ಯಾಕ್ಟರಿಗೆ ಹೊಕ್ಕೀನಿ,’ ಎಂದು ಅತ್ತೇಬಿಟ್ಟೆ.

 ‘ಅವರು ನಿನ್ನ ಬ್ಯಾಡ ಅಂದಿಲ್ಲ. ಈಗ ಬ್ಯಾಡ ಅಂದಾರ. ಅದ ಬ್ಯಾರೆ, ಇದ ಬ್ಯಾರೆ,’ ಎಂದರು ಮೇಡಂ. ಆಮೇಲೆ, ‘ಮಾರಿ ತೊಳಕೊಂಡು ಬಾ. ಅತ್ತ ಮಾರಿ ನೋಡಿದ್ರ ಹೆರೋರು ಅಂಜತಾರ,’ ಎಂದರು.

ಅದಾದ ಕೆಲವು ದಿನಗಳ ಮೇಲೆ, ಒಂದು ಬೆಳಿಗ್ಗೆ, ಯಲಬುರ್ಗಾ ಕಡೆಯ ಹಳ್ಳಿಯೊಂದರಿಂದ ಒಬ್ಬ ಹೆಂಗಸು ಬಂದಳು. ಚೊಚ್ಚಲಲ್ಲ. ಬಸ್ಸಿನಲ್ಲೇ ನೋವು ಜೋರಾಗಿ, ಜೊತೆಗೆ ಬಂದ ತಾಯಿ ಗಂಟುಮೂಟೆಯೊಂದಿಗೆ ಹಿಂದೆಯೇ ಉಳಿದಿದ್ದಳು. ನಾನು ಬಾಗಿಲಲ್ಲಿ ನಿಂತು ಅಂಗೈ ತಿಕ್ಕಿಕೊಂಡು ಶುರು ಮಾಡಿದೆ, ‘ಅಕ್ಕಾ, ನಾನು ಕಲ್ಯಾಕ ಬಂದ...’

‘ಕೇಳ್ಕೋತ ನಿಂತಾನ ನೋಡು! ಮುಟ್ಟೋ ತಮ್ಮಾ, ಲಗೂನ ಮುಟ್ಟೋ!’ ಎಂದು ಅವಳು ಕೂಗಿದಳು.

ಮೇಡಂ ನನ್ನ ಪಕ್ಕದಲ್ಲಿ ನಿಂತರು. ನನ್ನ ಕೈಗಳ ಮೇಲೆ ಅವರ ಕೈಗಳಿದ್ದವು. ಯಾವಾಗ ತೆಗೆದರೋ ನನಗೆ ಗೊತ್ತಾಗಲಿಲ್ಲ, ತಿರುಗಿ ನೋಡಿದಾಗ ಅವರು ಒಂದು ಹೆಜ್ಜೆ ಹಿಂದಿದ್ದರು, ಕೂಸು ನನ್ನ ಕೈಯಲ್ಲಿತ್ತು. ಹೆಣ್ಣುಕೂಸು. ಬಿಸಿಯಾಗಿ, ಜಾರುತ್ತಾ, ಸಿಟ್ಟಿನಿಂದ ಅಳುತ್ತಿತ್ತು. ನನಗೂ ಅಳು ಬಂತು. ಈ ಸಲ ಮೇಡಂ ಮಾರಿ ತೊಳಕೊ ಎನ್ನಲಿಲ್ಲ.

ಅಷ್ಟರಲ್ಲಿ ತಾಯಿ ಬಂದಳು. ನನ್ನನ್ನು ನೋಡಿದವಳೇ ಬಾಗಿಲಲ್ಲಿ ಗಂಟು ಒಗೆದು, ‘ಏನ್ ಮಾನಗೆಟ್ಟ ಆಸ್ಪತ್ರಿ ಇದು! ಗಂಡಸಿನ ಕೈಲೆ ಮುಟ್ಟಿಸ್ಯಾರ ನನ್ನ ಮಗಳನ್ನ!’ ಎಂದು ಎತ್ತರದ ದನಿ ತೆಗೆದಳು.

ಮಂಚದ ಮೇಲಿದ್ದವಳು ಕಣ್ಣು ಮುಚ್ಚಿಕೊಂಡೇ ಹೇಳಿದಳು, ‘ಸುಮ್ಕಿರಬೇ. ಇವ ಕೇಳಿ ಮುಟ್ಟ್ಯಾನ. ನಿನ್ನ ಅಳಿಯ ಒಂದ್ ದಿನಾರ ಕೇಳ್ಯಾನೇನು?’

ತಾಯಿ ಒಗೆದ ಗಂಟನ್ನು ಎತ್ತಿಕೊಂಡಳು. ಕೋಣೆಯಲ್ಲಿದ್ದ ಹೆಂಗಸರು ಯಾರೂ ಯಾರನ್ನೂ ನೋಡಲಿಲ್ಲ. ಮೇಡಂ ನಲ್ಲಿಯ ಹತ್ತಿರ ಹೋಗಿ ಎಷ್ಟೋ ಹೊತ್ತು ಕೈ ತೊಳೆಯುತ್ತಾ ನಿಂತರು. ತಿರುಗಿ ಬಂದಾಗ ಹೇಳಿದ್ದು ಇಷ್ಟೇ, ‘ಗಿಣಿಗೇರಾ, ತಾಯಿಗೆ ಬೆಚ್ಚಗ ಹೊಚ್ಚು.’ ಆ ಹೆಂಗಸು ಮಾತ್ರ ವಾರ್ಡಿನಿಂದ ಹೋಗುವ ಮೊದಲು ನನ್ನ ಹೆಸರು ಕೇಳಿದಳು, ಕೇಳಿ ಎರಡು ಸಲ ಕರೆದಳು. ಅವತ್ತಿನ ರೊಟ್ಟಿಯ ರುಚಿ ನನಗೆ ಇನ್ನೂ ನೆನಪಿದೆ. ಹಾಸ್ಟೆಲಿನದ್ದೇ ರೊಟ್ಟಿ, ಅಂಚು ಸುಟ್ಟಿತ್ತು.

ಆಮೇಲೆ ಬಾಗಿಲು ಒಂದಿಷ್ಟು ಸಡಿಲವಾಯಿತು. ಬೇಡ ಅಂದವರೇ ಹೆಚ್ಚು, ಆದರೆ ಹೂಂ ಅಂದವರು ಸಾಕಾಗುವಷ್ಟು ಸಿಕ್ಕರು. ಸಹಿ ಬಿತ್ತು, ಪರೀಕ್ಷೆ ಆಯಿತು, ಕೆಲವು ವರ್ಷ ಅಲ್ಲಿ ಇಲ್ಲಿ ದುಡಿದು ಸರ್ಕಾರಿ ಕೆಲಸವೂ ಸಿಕ್ಕಿತು. ಈಗ ಗಂಗಾವತಿಯಲ್ಲಿದ್ದೇನೆ. ಮೇಡಂ ನಿವೃತ್ತರಾಗಿ ಅಲ್ಲಿಯೇ ಮಗನ ಮನೆಯಲ್ಲಿದ್ದರು. ದಾರಿಯಲ್ಲಿ ಸಿಕ್ಕರೆ, ‘ಏನೋ ಗಿಣಿಗೇರಾ, ಉಗುರು ತೆಗಿಸೀಯಿಲ್ಲ?’ ಎಂದು ಕೇಳಿ ಮುಂದೆ ಹೋಗುತ್ತಿದ್ದರು. ಕೂತು ಮಾತಾಡುವ ಅಭ್ಯಾಸ ಅವರಿಗಿರಲಿಲ್ಲ. ಆ ದೇವಿಯ ಡಮ್ಮಿ ಏನಾಯಿತೆಂದು ಒಮ್ಮೆ ಕೇಳಿದೆ. ಶಾಲೆ ಹೊಸ ಕಟ್ಟಡಕ್ಕೆ ಹೋಗುವಾಗ ಅಡುಗೆಯವ್ವ ಅದನ್ನು ತನ್ನ ಊರಿಗೆ ಒಯ್ದಳಂತೆ. ಅಲ್ಲಿ ಅದಕ್ಕೆ ದಿನವೂ ದೀಪ ಹಚ್ಚುತ್ತಾರಂತೆ. ‘ಎಷ್ಟ ಸೂಜಿ ತಿಂದೈತಿ ಪಾಪ, ಆರಾಮ ಇರ್ಲಿ ಬಿಡು,’ ಎಂದರು ಮೇಡಂ.

ಕಳೆದ ವರ್ಷ ಅವರಿಗೆ ಲಕ್ವಾ ಹೊಡೆಯಿತು. ಎಡಗೈ, ಎಡಗಾಲು ಬಿದ್ದುಹೋದವು. ನಮ್ಮ ಆಸ್ಪತ್ರೆಯ ಹೆಣ್ಣುಮಕ್ಕಳ ವಾರ್ಡಿಗೇ ಬಂದರು. ನನ್ನನ್ನು ನೋಡಿ, ‘ಗಿಣಿಗೇರಾ ಅಲ್ಲ?’ ಎಂದರು, ಬಾಯಿ ಸ್ವಲ್ಪ ಸೊಟ್ಟಗಾಗಿತ್ತು. ಮಲಗಿದವರಿಗೆ ಬೆನ್ನು ಒರೆಸಿ ಪೌಡರ್ ಹಾಕಿ ಮಗ್ಗಲು ಬದಲಿಸುತ್ತಿರಬೇಕು, ಇಲ್ಲದಿದ್ದರೆ ಹುಣ್ಣಾಗುತ್ತದೆ. ಅದನ್ನು ನನಗೆ ಕಲಿಸಿದವರು ಅವರೇ. ಆ ದಿನ ಮಧ್ಯಾಹ್ನ ಸೊಸೆ ಔಷಧಿ ತರಲು ಕೆಳಗೆ ಹೋಗಿದ್ದಳು, ಸಿಸ್ಟರ್ ಹೆರಿಗೆ ಕೋಣೆಯಲ್ಲಿದ್ದಳು. ನಾನು ಬಿಸಿನೀರು, ಬಟ್ಟೆ, ಪೌಡರ್ ತೆಗೆದುಕೊಂಡು ಮಂಚದ ಹತ್ತಿರ ಹೋಗಿ ಪರದೆ ಎಳೆದೆ.

‘ಮೇಡಂ, ಬೆನ್ನ ಒರಸ್ತೀನ್ರಿ. ಮುಟ್ಲೇನ್ರಿ?’

ಅವರು ನನ್ನ ಮುಖ ನೋಡಿದರು. ಆಮೇಲೆ ನನ್ನ ಕೈ ನೋಡಿದರು. ಕೇಳುತ್ತ ಕೇಳುತ್ತಲೇ ಅದು ಆಗಲೇ ಮುಂದಕ್ಕೆ ಹೋಗಿತ್ತು.

‘ಬ್ಯಾಡ,’ ಎಂದರು. ಸೊಟ್ಟ ಬಾಯಿಯಲ್ಲೂ ಆ ಮಾತು ಸ್ಪಷ್ಟವಾಗಿತ್ತು.

ನನಗೆ ನೋವಾಯಿತು, ಮುಚ್ಚಿಡುವುದೇನಿದೆ. ಈ ಊರಿನ ಎಷ್ಟೋ ಹೆಂಗಸರು ಹೂಂ ಅಂದಿದ್ದಾರೆ, ಇವರು ಒಲ್ಲೆ ಅನ್ನುತ್ತಾರೆ. ಆದರೆ ಕೇಳಿದವನು ನಾನೇ, ಉತ್ತರ ಬಂದಾಗಿತ್ತು. ಕೈ ಹಿಂದಕ್ಕೆ ತೆಗೆದುಕೊಂಡೆ. ಸ್ಟೂಲ್ ಎಳೆದು ಸ್ವಲ್ಪ ದೂರದಲ್ಲಿ ಕುಳಿತೆ. ಅವರು ಚಾವಣಿ ನೋಡುತ್ತಾ ಮಲಗಿದ್ದರು. ಹಳೆಯ ಬೆಂಚಿನ ಮೇಲೆ ಕುಳಿತಂತೆಯೇ ಇಬ್ಬರೂ ಕಾದೆವು. ನೀರು ಆರಿತು. ಎದ್ದು ಹೋಗಿ ಬೇರೆ ಬಿಸಿನೀರು ತಂದೆ, ಈ ಸಲ ಕೈಗಳನ್ನು ಹಿಂದೆ ಕಟ್ಟಿಕೊಂಡು ನಿಂತು ಕೇಳಿದೆ.

‘ಮೇಡಂ, ಈಗ ಮುಟ್ಲೇನ್ರಿ?’

‘ಕೈ ಬೆಚ್ಚಗ ಅದಾವೇನು?’

ತಿಕ್ಕಿಕೊಂಡೆ. ‘ಅದಾವ್ರಿ.’

 ಅವರು ನನ್ನ ಹೆಸರು ಹಿಡಿದು ಕರೆದು, ‘ಬಾ,’ ಎಂದರು. ಆಡುತ್ತಿದ್ದ ಒಂದೇ ಕೈಯಿಂದ ಬೆನ್ನ ಮೇಲಿನ ಸೆರಗನ್ನು ತಾವೇ ಸರಿಸಿಕೊಂಡರು.